ಗಿಲೆಸ್ಪೀ ರಸ್ತೆಯ ಗೋಡೆ

ಶನಿವಾರ ಬೆಳಗ್ಗೆ ಏಳರ ಸುಮಾರಿಗೆ ಲಂಡನ್ನಿನ ಟ್ಯೂಬ್ ರೈಲಿನಲ್ಲಿ ಜನಸಂದಣಿ ಅಷ್ಟಾಗಿ ಇರುವುದಿಲ್ಲ. ವಾರವಿಡೀ ಕಚೇರಿಗೆ ಹೋಗಿಬರುವಾಗ ಕಣ್ಣಿಗೆ ಬಿದ್ದರೂ, ಹಿಂದಿನವರ ನೂಕಾಟದಲ್ಲಿ ನಿಂತು ನೋಡಲಾಗದ ಗೋಡೆ, ಕಮಾನು, ಅಕ್ಷರಗಳನ್ನು ಆ ಹೊತ್ತಿನಲ್ಲಿ ಹೋಗಿ ಫೋಟೊ ತೆಗೆದುಕೊಳ್ಳುವುದು ನನ್ನ ಅಭ್ಯಾಸ. ಸ್ವಂತ ಸಂತೋಷಕ್ಕೆ ತೆಗೆಯುವ ಫೋಟೊಗಳಿಗೆ ಇಲ್ಲಿ ಅಡ್ಡಿಯಿಲ್ಲ. ಪ್ಲಾಟ್‌ಫಾರಂನಲ್ಲಿ ಫ್ಲ್ಯಾಶ್ ಮತ್ತು ಟ್ರೈಪಾಡ್ ಮಾತ್ರ ಕೂಡದು. ಹಾಗಾಗಿ ಗೋಡೆಗೆ ಭುಜ ಒರಗಿಸಿ, ಉಸಿರು ಬಿಗಿಹಿಡಿದು ಕ್ಲಿಕ್ಕಿಸುವುದೊಂದೇ ದಾರಿ. ಸುರಂಗದ ಗಾಳಿ ಮುಖಕ್ಕೆ ಬಡಿಯಿತೆಂದರೆ ರೈಲು ಬಂತೆಂದು ತಿಳಿದು ಕ್ಯಾಮೆರಾ ಕೆಳಗಿಳಿಸುತ್ತೇನೆ.

ನಾನು ಮೊದಲು ಮನಸೋತದ್ದು ಬೀದಿಗೆ ಮುಖಮಾಡಿ ನಿಂತ ಕೆಂಪು ನಿಲ್ದಾಣಗಳಿಗೆ. ಕೊವೆಂಟ್ ಗಾರ್ಡನ್, ರಸೆಲ್ ಸ್ಕ್ವೇರ್, ಹಾಲೊವೇ ರೋಡ್ ಮುಂತಾದ ಈ ಕಟ್ಟಡಗಳನ್ನು 1906 ಮತ್ತು 1907ರಲ್ಲಿ ತೆರೆದ ಮೂರು ಮಾರ್ಗಗಳಿಗಾಗಿ ಲೆಸ್ಲಿ ಗ್ರೀನ್ ಎಂಬ ವಾಸ್ತುಶಿಲ್ಪಿ ರೂಪಿಸಿದರು. ಮುಂಭಾಗಕ್ಕೆ ಹೊದಿಸಿದ ಮೆರುಗಿನ ಟೆರಾಕೋಟದ ಬಣ್ಣವನ್ನು ಇಲ್ಲಿಯವರು ಎತ್ತಿನ ನೆತ್ತರಿನ ಕೆಂಪು ಎನ್ನುತ್ತಾರೆ. ನನಗೆ ಮಾತ್ರ ಅದು ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿದ ಅಜ್ಜಿಮನೆಯ ರೆಡ್ ಆಕ್ಸೈಡ್ ನೆಲದ ಬಣ್ಣವಾಗಿಯೇ ಕಾಣುತ್ತದೆ. ಒಂದು ಗೇಣು ದೂರದಿಂದ ನೋಡಿದರೆ ಆ ಕೆಂಪು ಒಂದೇ ಸಮನಾಗಿಲ್ಲ: ಒಂದು ತುಂಡು ನೇರಳೆಯತ್ತ ವಾಲಿದ್ದರೆ ಪಕ್ಕದ್ದು ಇಟ್ಟಿಗೆಯತ್ತ, ಅಂಚುಗಳಲ್ಲಿ ಮೆರುಗು ತೆಳುವಾಗಿ ಒಳಗಿನ ಮಣ್ಣು ಇಣುಕುತ್ತದೆ. ಮೊದಲ ಮಹಡಿಯ ಅರ್ಧಚಂದ್ರಾಕಾರದ ಕಿಟಕಿಗಳ ಹಿಂದೆ ಲಿಫ್ಟಿನ ಯಂತ್ರಗಳಿರುತ್ತಿದ್ದವು. ಚಾವಣಿಯನ್ನು ಸಮತಟ್ಟಾಗಿ ಬಿಟ್ಟದ್ದು ಮುಂದೆ ಅದರ ಮೇಲೆ ಕಚೇರಿಗಳನ್ನು ಕಟ್ಟಿಕೊಳ್ಳಲೆಂದು. ಅದಕ್ಕಾಗಿಯೇ ಒಳಗೆ ಉಕ್ಕಿನ ಚೌಕಟ್ಟಿದೆ. ಗ್ರೀನ್ 1908ರಲ್ಲಿ, ಕೇವಲ 33ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಕೆಲಸದ ನಿಜವಾದ ಸೊಗಸು ಕೆಳಗೆ, ಪ್ಲಾಟ್‌ಫಾರಂನಲ್ಲಿದೆ. ಒಂದೊಂದು ನಿಲ್ದಾಣದ ಟೈಲ್ಸಿಗೂ ಬೇರೆ ಬೇರೆ ಬಣ್ಣ, ಬೇರೆ ಬೇರೆ ವಿನ್ಯಾಸ. ದಿನವೂ ಓಡಾಡುವವರು ಫಲಕ ಓದದೆ, ಕಿಟಕಿಯಾಚೆ ಸರಿಯುವ ಬಣ್ಣ ನೋಡಿಯೇ ತಮ್ಮ ಊರು ಬಂತೆಂದು ಏಳಲು ಇದು ನೆರವಾಗುತ್ತಿತ್ತು. ನಿಲ್ದಾಣದ ಹೆಸರನ್ನೂ ಫಲಕಕ್ಕೆ ಬಿಡದೆ ಟೈಲ್ಸಿನಲ್ಲೇ ಸುಟ್ಟು ಮೂಡಿಸಿದ್ದಾರೆ. ಇಲ್ಲಿ ಅಲಂಕಾರವೆಂದು ನಾವು ಫೋಟೊ ತೆಗೆಯುವುದರಲ್ಲಿ ಬಹುಪಾಲು ಹೀಗೆ ‘ಈಗ ಎಲ್ಲಿದ್ದೇನೆ’ ಎಂಬ ಪ್ರಯಾಣಿಕನ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದು. ಫೋಟೊಗೆ ಮಾತ್ರ ಈ ಗೋಡೆ ಸುಲಭಕ್ಕೆ ಒಗ್ಗುವುದಿಲ್ಲ. ಸುರಂಗದ ಬಾಗು, ಮೇಲಿನ ದೀಪ, ಮೆರುಗಿನ ಪ್ರತಿಫಲನ ಎಲ್ಲ ಸೇರಿ, ನನ್ನ ಮೊದಮೊದಲ ಫೋಟೊಗಳಲ್ಲೆಲ್ಲ ಟೈಲ್ಸಿನ ನಡುವೆ ಫೋನು ಹಿಡಿದ ನನ್ನದೇ ನೆರಳು ಕುಳಿತಿದೆ. ಎದುರಿಗೆ ನಿಲ್ಲದೆ ಓರೆಯಾಗಿ ನಿಂತರೆ ಅದು ತಪ್ಪುತ್ತದೆ ಎಂದು ತಿಳಿಯಲು ನನಗೆ ಆರು ಶನಿವಾರಗಳು ಬೇಕಾದವು.

1968ರಿಂದ ತೆರೆದುಕೊಂಡ ವಿಕ್ಟೋರಿಯಾ ಮಾರ್ಗದಲ್ಲಿ ಇದೇ ಪ್ರಶ್ನೆಗೆ ಒಗಟಿನ ರೂಪದ ಉತ್ತರಗಳಿವೆ. ಪ್ಲಾಟ್‌ಫಾರಂನ ಬೆಂಚುಗಳ ಹಿಂದಿನ ಗೂಡುಗಳಲ್ಲಿ ಊರಿನ ಹೆಸರನ್ನು ಚಿತ್ರವಾಗಿಸಿದ ಟೈಲ್ಸ್ ಇವೆ. ಬ್ರಿಕ್ಸ್‌ಟನ್ನಿನಲ್ಲಿ ‘ಟನ್ನುಗಟ್ಟಲೆ ಬ್ರಿಕ್ಸ್’ ಎಂಬ ಶ್ಲೇಷೆಯಿಂದ ಇಟ್ಟಿಗೆಯ ರಾಶಿ, ಸೆವೆನ್ ಸಿಸ್ಟರ್ಸ್‌ನಲ್ಲಿ ಏಳು ಮರಗಳು. ವಾರೆನ್ ಎಂದರೆ ಮೊಲದ ಬಿಲಗಳ ಜಾಲವಾದ್ದರಿಂದ ವಾರೆನ್ ಸ್ಟ್ರೀಟಿಗೆ ಅಲನ್ ಫ್ಲೆಚರ್ ಒಂದು ಚಕ್ರವ್ಯೂಹವನ್ನು ಬರೆದುಕೊಟ್ಟರು. ಮುಂದಿನ ರೈಲು ಬರುವಷ್ಟರಲ್ಲಿ ಬಿಡಿಸಲಾಗದಂತೆ ಬೇಕೆಂದೇ ಹಾಗೆ ರಚಿಸಿದರೆಂದು ಹೇಳುತ್ತಾರೆ. ನಾನು ಬೆರಳಿಟ್ಟು ಹೊರಟು, ಎರಡು ರೈಲುಗಳನ್ನು ಬಿಟ್ಟು, ಸೋತು ಮೂರನೆಯದನ್ನು ಹತ್ತಿದೆ. ಥೇಮ್ಸ್ ದಂಡೆಯ ಬಸವೇಶ್ವರರ ಪ್ರತಿಮೆಯನ್ನು ನೋಡಲು ವಾಕ್ಸ್‌ಹಾಲಿನಲ್ಲಿ ಇಳಿಯುವ ಕನ್ನಡಿಗರು ಮೇಲೆ ಹೋಗುವ ಮೊದಲು ಬೆಂಚಿನ ಹಿಂದೊಮ್ಮೆ ನೋಡಬೇಕು. ಆ ಊರಿನ ಹಳೆಯ ವಿಹಾರೋದ್ಯಾನ ಅಲ್ಲಿದೆ.

ಚಕ್ರವ್ಯೂಹವೆಂದಾಗ ಟ್ಯೂಬಿನ 150ನೆಯ ವರ್ಷದ ನೆನಪಿಗೆ 2013ರಲ್ಲಿ ಮಾರ್ಕ್ ವಾಲಿಂಜರ್ ಮಾಡಿದ ಕಪ್ಪು-ಬಿಳುಪಿನ ಎನಾಮೆಲ್ ಫಲಕಗಳನ್ನೂ ಹೇಳಬೇಕು. ಆಗಿದ್ದ 270 ನಿಲ್ದಾಣಗಳಿಗೆ 270 ಫಲಕಗಳು, ಒಂದರಂತೆ ಇನ್ನೊಂದಿಲ್ಲ, ಮೂಲೆಯಲ್ಲಿ ಕೈಬರಹದ ಸಂಖ್ಯೆ. ಸಂಗ್ರಹಿಸುವ ಚಟವುಳ್ಳವರಿಗೆ ಇದು ಹಬ್ಬವೇ ಸರಿ. ಆದರೆ ಫಲಕವನ್ನು ನೋಡಿ ಯಾವ ಊರೆಂದು ಹೇಳಲು ಬರುವುದಿಲ್ಲ. ನಾನು ಮೂವತ್ತಕ್ಕೆ ನಿಲ್ಲಿಸಿದೆ. ಅದಕ್ಕಿಂತ, ಟ್ಯೂಬಿನ ಫಲಕಗಳಿಗೆಂದು ಎಡ್ವರ್ಡ್ ಜಾನ್ಸ್ಟನ್ ರೂಪಿಸಿದ, 1916ರಲ್ಲಿ ಬಳಕೆಗೆ ಬಂದ ಅಕ್ಷರಗಳಲ್ಲಿ ‘ಐ’ ಮತ್ತು ‘ಜೆ’ಗಳ ತಲೆಯ ಮೇಲೆ ವಜ್ರಾಕಾರದಲ್ಲಿ ನಿಂತಿರುವ ಚುಕ್ಕಿಯೇ ನನಗೆ ಹೆಚ್ಚು ಪ್ರಿಯ. ಯಾವ ಫಲಕದ ಫೋಟೊವನ್ನು ಹಿಗ್ಗಿಸಿದರೂ ಮೊದಲು ಅದನ್ನೇ ಹುಡುಕುತ್ತೇನೆ.

ಮತ್ತೆ ಮತ್ತೆ ನಾನು ಹೋಗುವುದು ಪಿಕಡಿಲಿ ಮಾರ್ಗದ ಆರ್ಸೆನಲ್ಲಿಗೆ. 1906ರಲ್ಲಿ ತೆರೆದಾಗ ಅದರ ಹೆಸರು ಗಿಲೆಸ್ಪೀ ರೋಡ್. ಪಕ್ಕದಲ್ಲೇ ಮೈದಾನವಿದ್ದ ಫುಟ್ಬಾಲ್ ತಂಡದ ವ್ಯವಸ್ಥಾಪಕ ಹರ್ಬರ್ಟ್ ಚಾಪ್ಮನ್ ಬೆನ್ನುಬಿಡದೆ ಕೇಳಿದ್ದರಿಂದ 1932ರಲ್ಲಿ ನಿಲ್ದಾಣಕ್ಕೆ ತಂಡದ ಹೆಸರು ಬಂತು. ಹೊರದಾರಿಯ ಇಳಿಜಾರಿನಲ್ಲಿ ಪಂದ್ಯದ ದಿನದ ಜನರನ್ನು ಬೇರ್ಪಡಿಸುವ ಕಂಬಿಬೇಲಿ ಈಗಲೂ ಇದೆ. ಗೋಡೆಯ ಟೈಲ್ಸಿನಲ್ಲಿ ಮಾತ್ರ ದೊಡ್ಡಕ್ಷರಗಳಲ್ಲಿ ಇಂದಿಗೂ ಗಿಲೆಸ್ಪೀ ರೋಡ್ ಎಂದೇ ಇದೆ. ಹಳೆಯ ಹೆಸರನ್ನೂ ಹೊಸ ಹೆಸರಿನ ಕೆಂಪು-ನೀಲಿ ಚಕ್ರದ ಫಲಕವನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಹೆಣಗುತ್ತಿದ್ದಾಗ ಒಂದು ರೈಲು ಬಂದು ನಿಂತಿತು. ಸೂಟ್‌ಕೇಸ್ ಹಿಡಿದ ಮಹಿಳೆಯೊಬ್ಬರು ಬಾಗಿಲಲ್ಲೇ ನಿಂತು ಗೋಡೆಯನ್ನು ಓದಿದರು, ಕೈಯಲ್ಲಿದ್ದ ನಕ್ಷೆಯನ್ನು ಓದಿದರು, ಮತ್ತೆ ಗೋಡೆಯನ್ನು ಓದಿದರು. “ಇದು ಆರ್ಸೆನಲ್ ಹೌದು ತಾನೆ?” ಎಂದು ಕೇಳಿದಾಗ ಹೌದೆಂದು ತಲೆಯಾಡಿಸಿ, ಅದೇ ಕ್ಷಣದಲ್ಲಿ ಬೆರಳೊತ್ತಿದೆ. ಎರಡು ಹೆಸರುಗಳೂ ಸ್ಪಷ್ಟವಾಗಿ ಬಿದ್ದಿವೆ. ಬಲತುದಿಯಲ್ಲಿ ಸೂಟ್‌ಕೇಸಿನ ಹಿಡಿಕೆಯೂ ಬಂದಿದೆ. ಕತ್ತರಿಸದೆ ಹಾಗೆಯೇ ಇಟ್ಟುಕೊಂಡಿದ್ದೇನೆ.