ರೆಸ್ಯುಮೆಯಲ್ಲಿ ಆ ಒಂದು ಸಾಲು

ಕಳೆದ ಫೆಬ್ರುವರಿಯಲ್ಲಿ ಪತ್ರಿಕೋದ್ಯಮ ವಿಭಾಗವೊಂದರ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸುದ್ದಿ ತಿದ್ದುವ ಕೆಲಸದ ಬಗ್ಗೆ ಎರಡು ದಿನ ಪಾಠ ಮಾಡಿ ಹೊರಡುವ ಹೊತ್ತಿಗೆ, ಉಳಿದವರೆಲ್ಲ ಕ್ಯಾಂಟೀನಿನ ಕಡೆ ಹೋಗುವವರೆಗೂ ಕಾದಿದ್ದ ಒಬ್ಬ ವಿದ್ಯಾರ್ಥಿ ಹತ್ತಿರ ಬಂದರು. "ಸರ್, ಎರಡು ವರ್ಷದಿಂದ ಕ್ಯಾಂಪಸ್ಸಿನ ಕ್ವಿಯರ್ ಗುಂಪಿನಲ್ಲಿದ್ದೇನೆ. ಅದನ್ನು ರೆಸ್ಯುಮೆಯಲ್ಲಿ ಹಾಕಬೇಕಾ, ಬೇಡವಾ?" ಎಂದು ಕೇಳಿದರು. ನಾನು ಸಲಿಂಗಿ ಎಂಬುದು ನನ್ನ ಬರಹಗಳಿಂದ ಅವರಿಗೆ ಗೊತ್ತಿತ್ತು. ಆದ್ದರಿಂದ ನನ್ನ ಬಳಿ ಸಿದ್ಧ ಉತ್ತರವಿದ್ದೀತು ಎಂದುಕೊಂಡಿದ್ದರು. ಇರಲಿಲ್ಲ. ಬಸ್ಸಿಗೆ ಹೊತ್ತಾಗಿದೆ ಎಂಬ ನೆಪ ಹೇಳಿ, ಬರೆದು ತಿಳಿಸುತ್ತೇನೆ ಎಂದು ಬಂದುಬಿಟ್ಟೆ. ಈ ಬರಹ ಆ ಸಾಲದ ತೀರುವಳಿ.

ನಾನು ಕೆಲಸಕ್ಕೆ ಸೇರಿದ್ದು ಕನ್ನಡ ಪತ್ರಿಕೆಯೊಂದರ ಡೆಸ್ಕಿಗೆ, ಟ್ರೈನಿ ಉಪಸಂಪಾದಕನಾಗಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಂ ಕುರಿತ ನವತೇಜ್ ಸಿಂಗ್ ಜೋಹರ್ ಪ್ರಕರಣದ ತೀರ್ಪು ಕೊಟ್ಟಾಗ ನಾನು ಆ ಕಚೇರಿಯಲ್ಲಿ ಯಾರಿಗೂ ಏನನ್ನೂ ಹೇಳಿರಲಿಲ್ಲ. ಏಜೆನ್ಸಿಯ ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವ ಕೆಲಸ ಮಾತ್ರ ಕಾಕತಾಳೀಯವಾಗಿ ನನ್ನ ಪಾಲಿಗೆ ಬಂತು. ದೂರದ ಜಿಲ್ಲೆಗಳ ಮೊದಲ ಆವೃತ್ತಿಯ ಮುಖಪುಟದಲ್ಲಿ "377ನೇ ಕಲಂ ರದ್ದು" ಎಂಬ ಶೀರ್ಷಿಕೆ ಕೂತಿತ್ತು. ಎದೆ ಹೊಡೆದುಕೊಳ್ಳುತ್ತಿದ್ದರೂ ಚೀಫ್ ಸಬ್ ಬಳಿ ಹೋಗಿ, ಕಲಂ ಪೂರ್ತಿ ರದ್ದಾಗಿಲ್ಲ, ವಯಸ್ಕರ ನಡುವಿನ ಸಮ್ಮತಿಯ ಸಂಬಂಧವನ್ನಷ್ಟೇ ಅದರಿಂದ ಹೊರಗಿಟ್ಟಿದ್ದಾರೆ, ಸಮ್ಮತಿಯಿಲ್ಲದ್ದು ಮತ್ತು ಮಕ್ಕಳ ಮೇಲಿನದ್ದು ಈಗಲೂ ಅಪರಾಧವೇ ಎಂದೆ. ಅವರು ಏಜೆನ್ಸಿ ಸುದ್ದಿಯ ಕೊನೆಯ ಪ್ಯಾರಾವರೆಗೆ ಕಣ್ಣಾಡಿಸಿ, ಒಂದೂ ಮಾತಾಡದೆ ಶೀರ್ಷಿಕೆ ಬದಲಿಸಿದರು. ಅದರ ಹುರುಪಿನಲ್ಲಿ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ: ಹೊಸ ಶೀರ್ಷಿಕೆಯಲ್ಲಿದ್ದ "ಸಲಿಂಗಕಾಮ" ಎಂಬ ಪದದಲ್ಲಿ ಬದುಕೆಲ್ಲ ಕಾಮಕ್ಕೆ ಇಳಿದುಬಿಡುತ್ತದಲ್ಲ, "ಸಲಿಂಗ ಸಂಬಂಧ" ಎನ್ನಬಹುದೇ ಎಂದು ಕೇಳಿದೆ. ಮಂಗಳೂರಿನ ಕಡೆಯವರಾದ ಅವರು ಗಡಿಯಾರ ನೋಡಿ, "ಮಾರಾಯ, ಪುಟ ಬಿಡುವ ಹೊತ್ತಿಗೆ ಪದದ ಚರ್ಚೆಯಾ?" ಎಂದರು. ಶೀರ್ಷಿಕೆ ಹಾಗೆಯೇ ಹೋಯಿತು.

ಒಂದು ಗೆದ್ದೆ, ಒಂದು ಸೋತೆ. ನನ್ನ ವೃತ್ತಿಯ ಬಗ್ಗೆ ಆ ರಾತ್ರಿ ಕಲಿತಷ್ಟು ಬೇರೆಂದೂ ಕಲಿತಿಲ್ಲ. ತಪ್ಪು ತಪ್ಪೆಂದು ತೋರಿಸಿದವನಿಗೆ, ಅವನು ಯಾರೇ ಆಗಿರಲಿ, ರಾತ್ರಿ ಹನ್ನೊಂದಕ್ಕೂ ಡೆಸ್ಕಿನಲ್ಲಿ ಬೆಲೆಯಿದೆ. ಪದಗಳ ಬಗ್ಗೆ ಮಾತಾಡಬೇಕಾದದ್ದು ಹಗಲು ಹೊತ್ತಿನಲ್ಲಿ, ಕೈಯಲ್ಲಿ ಕಾಗದ ಹಿಡಿದುಕೊಂಡು. ಮುಂದಿನ ವಾರ ನಾನು ಒಂದು ಪುಟದ ಪದಪಟ್ಟಿ ಮಾಡಿ ಕೊಟ್ಟೆ. ಅದು ಯಾರದೋ ಡ್ರಾಯರಿನಲ್ಲಿ ಬಹುಕಾಲ ಮಲಗಿತ್ತೆಂಬುದು ನಿಜ, ಆದರೆ ಆಮೇಲೆ ಬಂದ ಸಂಪಾದಕರೊಬ್ಬರು ಅದನ್ನೇ ಶೈಲಿ ಕೈಪಿಡಿಗೆ ಸೇರಿಸಿದರು.

ಈ ಪದಗಳ ಕೆಲಸವನ್ನು ಕನ್ನಡದ ವಿದ್ಯಾರ್ಥಿಗಳು ಹಗುರವಾಗಿ ಕಾಣಬಾರದು. ನಿಮ್ಮ ಅನುಭವ ವೃತ್ತಿಯ ಬಂಡವಾಳವಾಗುವ ಜಾಗ ಇದೇ ಎಂದು ನನ್ನ ಎಣಿಕೆ. ನಮ್ಮ ಪತ್ರಿಕೆಗಳಲ್ಲಿ "ಹಾವಳಿ" ಎಂಬ ಪದ ಯಾವುದರ ಪಕ್ಕ ಬರುತ್ತದೆ ಎಂದು ಒಮ್ಮೆ ಗಮನಿಸಿ. ಕಾಡಾನೆ ಹಾವಳಿ, ಬೀದಿನಾಯಿ ಹಾವಳಿ, ಮಂಗಗಳ ಹಾವಳಿ, ಮಂಗಳಮುಖಿಯರ ಹಾವಳಿ. ಠಾಣೆಯ ಪ್ರಕಟಣೆಯಲ್ಲಿ ಟ್ರಾನ್ಸ್ ಮಹಿಳೆಯನ್ನು "ಆತ" ಎಂದು ಬರೆದಿದ್ದರೆ ಅದು ಮರುದಿನ ಹಾಗೆಯೇ ಅಚ್ಚಾಗುತ್ತದೆ. ಇಂಗ್ಲಿಷ್ ಪತ್ರಿಕೆಗಳು ಒಬ್ಬ ವ್ಯಕ್ತಿಗೆ ಬಹುವಚನದ ಸರ್ವನಾಮ ಬಳಸಬಹುದೇ ಎಂದು ವರ್ಷಗಟ್ಟಲೆ ಜಗಳಾಡಿದವು. ಕನ್ನಡಕ್ಕೆ ಆ ಜಗಳದ ಅಗತ್ಯವೇ ಇರಲಿಲ್ಲ, ಏಕೆಂದರೆ "ಅವರು ಬಂದರು, ಅವರು ಹೇಳಿದರು" ಎಂಬ ಗೌರವದ ರೂಪ ಗಂಡು ಹೆಣ್ಣೆಂದು ನೋಡುವುದಿಲ್ಲ. ತೊಡಕು ವ್ಯಾಕರಣದಲ್ಲಿಲ್ಲ. ಅಧಿಕಾರಿ "ತಿಳಿಸಿದ್ದಾರೆ", ಆರೋಪಿ "ಪರಾರಿಯಾಗಿದ್ದಾನೆ" ಎಂದು ಗೌರವವನ್ನು ಅಳೆದು ಕೊಡುವ ನಮ್ಮ ಅಭ್ಯಾಸದಲ್ಲಿದೆ. ಉಪಸಂಪಾದಕರೊಬ್ಬರು ಸುಮ್ಮನೆ "ಅವರು" ಎಂದು ತಿದ್ದಿದರೆ ಯಾರೂ ಗಮನಿಸುವುದೂ ಇಲ್ಲ, ತಕರಾರು ತೆಗೆಯುವುದೂ ಇಲ್ಲ. ಹಾಗೆಯೇ ಜೋಗಪ್ಪ, ಜೋಗತಿ ಎಂಬವು ಎಲ್ಲಮ್ಮನ ಪರಂಪರೆಯ ಹೆಸರುಗಳೇ ಹೊರತು ಟ್ರಾನ್ಸ್‌ಜೆಂಡರ್ ಎಂಬುದರ ಕನ್ನಡ ಅನುವಾದವಲ್ಲ. ಮಂಗಳಮುಖಿ ಎಂಬ ಪದ ಕೆಲವರಿಗೆ ಇಷ್ಟ, ಕೆಲವರಿಗೆ ಬೇಡ. ಅದನ್ನು ಎದುರಿಗಿರುವವರನ್ನೇ ಕೇಳಬೇಕು. ನೆರೆಯ ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು 2021ರ ಜೂನ್ 7ರಂದು ಆರಂಭಿಸಿದ ನಿರ್ದೇಶನಗಳ ಸರಣಿಯ ಫಲವಾಗಿ, 2022ರಲ್ಲಿ ಸರ್ಕಾರವೇ ಒಂದು ಗೌರವಯುತ ಪದಪಟ್ಟಿಯನ್ನು ಗೆಜೆಟ್‌ನಲ್ಲಿ ಪ್ರಕಟಿಸಿತು. ಕನ್ನಡದ ಸುದ್ದಿಮನೆಗಳಲ್ಲಿ ಅಂಥ ಪಟ್ಟಿಯನ್ನು ಬಳಕೆಗೆ ತರುವವರು ಈಗ ತರಗತಿಯಲ್ಲಿ ಕೂತಿದ್ದಾರೆ ಎಂಬ ನಂಬಿಕೆ ನನಗಿದೆ.

ಇಷ್ಟು ಹೇಳಿದ ಮೇಲೆ ಅದಕ್ಕೆ ಎದುರಾಗಿ ಕಾಣುವ ಮಾತೊಂದನ್ನೂ ಹೇಳಬೇಕು. ನೀವು ಯಾರೆಂದು ತಿಳಿದ ಕೂಡಲೇ ಸುದ್ದಿಮನೆ ನಿಮ್ಮನ್ನು ವರದಿಗಾರರ ಪಟ್ಟಿಯಿಂದ ತೆಗೆದು "ಮೂಲ"ಗಳ ಪಟ್ಟಿಗೆ ಹಾಕಲು ನೋಡುತ್ತದೆ. ನವೆಂಬರ್ ಬಂತೆಂದರೆ ಬೆಂಗಳೂರಿನ ಪ್ರೈಡ್ ಮೆರವಣಿಗೆಗೆ ನಿಮ್ಮನ್ನೇ ಕಳಿಸುತ್ತಾರೆ. ಎಲ್ಲೋ ಒಂದು ತೀರ್ಪು ಬಂದರೆ "ಒಂದು ಪ್ರತಿಕ್ರಿಯೆ ಕೊಡಿ" ಎನ್ನುತ್ತಾರೆ. ಭಾನುವಾರದ ಪುರವಣಿಗೆ ನಿಮ್ಮ ಆತ್ಮಕಥೆ ಬೇಕು ಎನ್ನುತ್ತಾರೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಮೊದಲ ದೊಡ್ಡ ಬೈಲೈನ್, ಅಂದರೆ ಬರಹದ ಮೇಲೆ ತಮ್ಮ ಹೆಸರು, ಸಿಗುತ್ತದೆಂದರೆ ಬೇಡವೆನ್ನುವುದು ಕಷ್ಟ. ಆದರೂ ನನ್ನ ಸಲಹೆ ಕಟ್ಟುನಿಟ್ಟಾಗಿದೆ: ಮೊದಲ ಎರಡು ವರ್ಷ ಆತ್ಮಕಥೆ ಬರೆಯಬೇಡಿ. ಪಾಲಿಕೆಯ ಬಜೆಟ್ ಓದಲು ಕಲಿಯಿರಿ, ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಎಪಿಎಂಸಿ ಯಾರ್ಡಿನಲ್ಲಿ ಬೆಳಗಿನ ಐದಕ್ಕೆ ನಿಂತು ಹರಾಜು ನೋಡಿ. ನನ್ನನ್ನು ಎಪಿಎಂಸಿಗೆ ಅಟ್ಟಿದವರು ಒಬ್ಬ ಚೀಫ್ ರಿಪೋರ್ಟರ್ ಮೇಡಂ. ಆಗ ಶಿಕ್ಷೆಯೆಂದುಕೊಂಡಿದ್ದೆ.

ಈ ಮಾತಿಗೆ ನಮ್ಮ ದೇಶದಲ್ಲೇ ಒಳ್ಳೆಯ ನಿದರ್ಶನಗಳಿವೆ. ತಿರುವನಂತಪುರದಲ್ಲಿ ಪತ್ರಿಕೋದ್ಯಮ ಓದಿದ ಟ್ರಾನ್ಸ್ ಮಹಿಳೆ ಹೈದಿ ಸಾದಿಯಾ 2019ರಲ್ಲಿ ಕೈರಳಿ ವಾಹಿನಿಗೆ ಸೇರಿದರು. ಅವರ ಮೊದಲ ವರದಿ ಚಂದ್ರಯಾನ-2ರ ಕುರಿತಾಗಿತ್ತು. ಮುಂಬೈಯ ಲೋಕಲ್ ರೈಲುಗಳಲ್ಲಿ ಭಿಕ್ಷೆ ಬೇಡುತ್ತಿದ್ದ ಜೋಯಾ ಥಾಮಸ್ ಲೋಬೊ ಉಳಿಸಿದ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡು ಛಾಯಾಗ್ರಹಣಕ್ಕೆ ಇಳಿದರು, ಮತ್ತು 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ನಡುವೆ ಬಾಂದ್ರಾ ನಿಲ್ದಾಣದ ಹೊರಗೆ ಊರಿಗೆ ಹೋಗಲು ನೆರೆದ ವಲಸೆ ಕಾರ್ಮಿಕರ ಚಿತ್ರಗಳಿಂದ ಹೆಸರಾದರು. ಇವರಿಬ್ಬರ ಬಗ್ಗೆ ಬಂದ ಸುದ್ದಿಗಳೆಲ್ಲ "ಮೊದಲ ಟ್ರಾನ್ಸ್" ಎಂದೇ ಶುರುವಾಗುತ್ತವೆ, ಸರಿ. ಅವರು ಮಾಡಿದ ಕೆಲಸ ಮಾತ್ರ ಆಕಾಶದ್ದು, ಬೀದಿಯದ್ದು.

ಹಾಗಾದರೆ ನಮ್ಮವರ ಸುದ್ದಿಯನ್ನು ನಾವು ಬರೆಯಲೇಬಾರದೇ? ಬರೆಯಬೇಕು, ಕೈ ಪಳಗಿದ ಮೇಲೆ. ಆಗ "ನಿಮಗೆ ಪಕ್ಷಪಾತ ಇರುತ್ತದೆ" ಎಂಬ ಆಕ್ಷೇಪ ಬರುತ್ತದೆ. ರೈತರ ಮನೆಯಿಂದ ಬಂದವರು ಕೃಷಿ ವರದಿ ಮಾಡಿದರೆ ಅದನ್ನು ಅನುಭವವೆಂದು ಕರೆಯುವ ಸಂಪಾದಕರೇ ಇಲ್ಲಿ ಪಕ್ಷಪಾತವೆನ್ನುತ್ತಾರೆ ಎಂಬುದನ್ನು ನೆನಪಿಸಿದರೆ ಸಾಕು. ಜೊತೆಗೆ ಒಳಗಿನವರಿಗೆ ಗೊತ್ತಿರುವ ಒಂದು ಎಚ್ಚರ ಹೊರಗಿನವರಿಗೆ ಅಷ್ಟು ಬೇಗ ಹೊಳೆಯುವುದಿಲ್ಲ. 2010ರಲ್ಲಿ ಅಲಿಗಢದ ಪ್ರಾಧ್ಯಾಪಕ ರಾಮಚಂದ್ರ ಸಿರಾಸ್ ಅವರ ಮಲಗುವ ಕೋಣೆಗೇ ಕ್ಯಾಮೆರಾ ನುಗ್ಗಿತು. ಕೆಲವೇ ವಾರಗಳಲ್ಲಿ ಅವರು ಸತ್ತು ಸಿಕ್ಕರು. ಮರುವರ್ಷ ಹೈದರಾಬಾದಿನ ಸಲಿಂಗಿಗಳ ಮೇಲೆ "ಕುಟುಕು ಕಾರ್ಯಾಚರಣೆ" ಮಾಡಿದ ತೆಲುಗು ವಾಹಿನಿಯೊಂದಕ್ಕೆ ಸುದ್ದಿವಾಹಿನಿಗಳದ್ದೇ ನಿಯಂತ್ರಣ ಪ್ರಾಧಿಕಾರ 1 ಲಕ್ಷ ರೂಪಾಯಿ ದಂಡ ಹಾಕಿತು. ಹೆಸರು, ಮುಖ, ಬೀದಿಯ ಗುರುತು, ಹಾಸ್ಟೆಲಿನ ಕಿಟಕಿ, ಇವುಗಳಲ್ಲಿ ಯಾವುದು ಒಬ್ಬರ ಬದುಕನ್ನು ಬಯಲಿಗೆಳೆಯಬಹುದು ಎಂದು ಊಹಿಸಬಲ್ಲ ವರದಿಗಾರರು ಡೆಸ್ಕಿನಲ್ಲಿ ಒಬ್ಬರಾದರೂ ಇರಬೇಕು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಮಾತ್ರ ಇರುವ ಕಷ್ಟವೊಂದಿದೆ. ಇಂಗ್ಲಿಷ್ ಪತ್ರಿಕೆಯ ಗೆಳೆಯರಿಗೆ ಅದನ್ನು ಎಷ್ಟು ವಿವರಿಸಿದರೂ ಅರ್ಥವಾಗುವುದಿಲ್ಲ. ಅವರು ಬರೆದದ್ದು ಊರಿಗೆ ತಲುಪುವುದಿಲ್ಲ. ನಾವು ಬರೆದದ್ದು ಬೆಳಗ್ಗೆ ಏಳಕ್ಕೆ ಮನೆಯ ಜಗುಲಿಯ ಮೇಲೆ ಬಿದ್ದಿರುತ್ತದೆ, ಅಮ್ಮ ಓದುತ್ತಾರೆ, ಹೋಟೆಲಿನಲ್ಲಿ ದೊಡ್ಡಪ್ಪ ಓದಿ ನಾಲ್ಕು ಜನರಿಗೆ ತೋರಿಸುತ್ತಾರೆ. ಹೀಗಾಗಿ "ಹೇಳಿಕೊಳ್ಳುವುದು" ಎಂಬುದು ಕಚೇರಿಗೆ ಬೇರೆ, ಓದುಗರಿಗೆ ಬೇರೆ, ಮನೆಗೆ ಬೇರೆ ಎಂದು ವಿಂಗಡಿಸಿಕೊಳ್ಳುವ ಸೌಲಭ್ಯ ನಮಗಿಲ್ಲ. ಅಚ್ಚಾದ ದಿನವೇ ಮೂರೂ ಒಂದಾಗುತ್ತವೆ. ಮನೆಯಲ್ಲಿ ಹೇಳುವ ಮೊದಲು ಪತ್ರಿಕೆಯಲ್ಲಿ ಹೇಳಬೇಡಿ ಎಂದು ನಾನು ಗೊತ್ತಿದ್ದೇ ಹೇಳುತ್ತಿದ್ದೇನೆ, ಹೇಡಿತನವೆಂದು ಯಾರಾದರೂ ಅಂದುಕೊಂಡರೂ ಸರಿ. ಅನಿವಾರ್ಯವಾದರೆ ಕಾವ್ಯನಾಮವಿದೆ. ಕನ್ನಡದಲ್ಲಿ ಕಾವ್ಯನಾಮ ಇಟ್ಟುಕೊಂಡವರನ್ನು ಯಾಕೆ ಎಂದು ಯಾರೂ ಕೇಳುವುದಿಲ್ಲ. ಇದೊಂದು ಪರಂಪರೆ ನಮಗೆ ಪುಕ್ಕಟೆಯಾಗಿ ಸಿಕ್ಕ ಆಸರೆ.

ಟ್ರಾನ್ಸ್ ವಿದ್ಯಾರ್ಥಿಗಳಿಗೆ ಬೈಲೈನಿನ ಪ್ರಶ್ನೆ ಇನ್ನೂ ಜಟಿಲ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಇಂಟರ್ನ್‌ಶಿಪ್ ಕಾಲದ ವರದಿಗಳ ಮೇಲೆ ಮೂರನೆಯದು ಎಂಬಂತಾದರೆ ಸಂದರ್ಶನದಲ್ಲಿ ಕೆಲಸದ ಬದಲು ಅದೇ ವಿಚಾರಣೆಯಾಗುತ್ತದೆ. ಆಗುವುದಾದರೆ ಇಂಟರ್ನ್‌ಶಿಪ್‌ನ ಮೊದಲ ದಿನವೇ ಯಾವ ಹೆಸರಿನಲ್ಲಿ ಅಚ್ಚಾಗಬೇಕೆಂದು ಬರಹದಲ್ಲಿ ಕೊಡಿ. ಹಳೆಯ ವರದಿಗಳ ಹೆಸರನ್ನು ಜಾಲತಾಣದಲ್ಲಿ ಬದಲಿಸಿಕೊಡಲು ಮಿಂಚಂಚೆಯಲ್ಲಿ ಕೇಳಿ, ತಾಂತ್ರಿಕವಾಗಿ ಅದು ಹತ್ತು ನಿಮಿಷದ ಕೆಲಸ.

ಕಾನೂನಿನ ರಕ್ಷಣೆ ಎಲ್ಲಿ ಮುಗಿಯುತ್ತದೆ ಎಂಬುದೂ ತಿಳಿದಿರಲಿ. ಯುಜಿಸಿಯ ರ‍್ಯಾಗಿಂಗ್ ವಿರೋಧಿ ನಿಯಮಗಳಿಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ ಲೈಂಗಿಕ ಒಲವಿನ ಕಾರಣಕ್ಕೆ ವಿದ್ಯಾರ್ಥಿಯನ್ನು ಪೀಡಿಸುವುದೂ ರ‍್ಯಾಗಿಂಗ್. ಕ್ಯಾಂಪಸ್ಸಿನ ಗೇಟು ದಾಟಿ ಖಾಸಗಿ ಸಂಸ್ಥೆಗೆ ಕಾಲಿಟ್ಟರೆ, 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ದೂರುದಾರರನ್ನು ಮಹಿಳೆ ಎಂದೇ ಭಾವಿಸಿದೆ. ಸಲಿಂಗಿ ಯುವಕನೊಬ್ಬ ಹಿರಿಯ ಸಹೋದ್ಯೋಗಿಯಿಂದ ಕಿರುಕುಳ ಅನುಭವಿಸಿದರೆ ಆ ಕಾಯ್ದೆಯಡಿ ದೂರು ಕೊಡಲಾಗದು, ಸಂಸ್ಥೆಯ ಸ್ವಂತ ನೀತಿ ಎಲ್ಲರನ್ನೂ ಒಳಗೊಂಡಿದ್ದರೆ ಮಾತ್ರ ದಾರಿಯುಂಟು. ಆದ್ದರಿಂದ ಸೇರುವ ಮೊದಲು ಆ ನೀತಿಯ ಪ್ರತಿಯನ್ನು ಕೇಳಿ ಪಡೆಯಿರಿ. ಕೊಡಲು ತಡವರಿಸಿದರೆ ಅದೂ ಒಂದು ಮಾಹಿತಿಯೇ.

ಜೊತೆಗಾರರ ವಿಷಯದಲ್ಲಿ ಮಾತ್ರ ನನಗೆ ಅಮೆರಿಕದವರನ್ನು ಕಂಡರೆ ಸ್ವಲ್ಪ ಹೊಟ್ಟೆಕಿಚ್ಚು. ಅಲ್ಲಿ ರಾಯ್ ಆರನ್ಸ್ ಎಂಬ ಹಿರಿಯ ಸಂಪಾದಕರು ಸುದ್ದಿಮನೆಗಳಲ್ಲಿನ ಸಲಿಂಗಿ ಪತ್ರಕರ್ತರ ಸ್ಥಿತಿಯ ಬಗ್ಗೆ ಸಮೀಕ್ಷೆ ಮಾಡಿ, 1990ರಲ್ಲಿ ದೇಶದ ಸಂಪಾದಕರ ಸಮ್ಮೇಳನದಲ್ಲಿ ಅದನ್ನು ಮಂಡಿಸುತ್ತಲೇ ತಾವೂ ಸಲಿಂಗಿ ಎಂದು ಹೇಳಿಕೊಂಡರು. ಅದೇ ವರ್ಷ ಎನ್‌ಎಲ್‌ಜಿಜೆಎ ಎಂಬ ಸಲಿಂಗಿ ಪತ್ರಕರ್ತರ ಸಂಘ ಹುಟ್ಟಿತು. ಅದರ ವಾರ್ಷಿಕ ಸಮಾವೇಶದ ಹೊತ್ತಿನಲ್ಲಿ ಆಯ್ದ ವಿದ್ಯಾರ್ಥಿಗಳು ಅನುಭವಿ ಸಂಪಾದಕರ ಕೈಕೆಳಗೆ ಒಂದು ತಾತ್ಕಾಲಿಕ ಸುದ್ದಿಮನೆಯನ್ನೇ ನಡೆಸುತ್ತಾರೆ. ಅದೇ 1990ರಲ್ಲಿ ಮುಂಬೈಯಲ್ಲಿ ಪತ್ರಕರ್ತ ಅಶೋಕ್ ರಾವ್ ಕವಿ "ಬಾಂಬೆ ದೋಸ್ತ್" ಪತ್ರಿಕೆ ಆರಂಭಿಸಿದ್ದರು, ಅಂದರೆ ನಾವು ತಡವಾಗಿ ಹೊರಟವರೇನೂ ಅಲ್ಲ. ಆದರೆ ನಮ್ಮಲ್ಲಿ ಪತ್ರಿಕೆ ಹುಟ್ಟಿದಷ್ಟು ಸುಲಭವಾಗಿ ವೃತ್ತಿಯ ಸಂಘ ಹುಟ್ಟುವುದಿಲ್ಲ. ಕನ್ನಡದ ಮಟ್ಟಿಗೆ ನಾವು ಎಂಟು ಮಂದಿ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದೇವೆ. ಅದರಲ್ಲಿ ಹೆಚ್ಚಾಗಿ ಚರ್ಚೆಯಾಗುವುದು ಸಂಬಳ ತಡವಾದದ್ದು ಮತ್ತು ಯಾವ ಬಡಾವಣೆಯಲ್ಲಿ ಮನೆಮಾಲೀಕರು ಹೆಚ್ಚು ಪ್ರಶ್ನೆ ಕೇಳುವುದಿಲ್ಲ ಎಂಬುದು.

ಇನ್ನು ರೆಸ್ಯುಮೆಯ ಆ ಸಾಲು. ಇಷ್ಟನ್ನೂ ಚಿಕ್ಕದು ಮಾಡಿ ಆ ವಿದ್ಯಾರ್ಥಿಗೆ ಬರೆದು, ಗುಂಪಿನಲ್ಲಿ ನೀವು ಏನು ಮಾಡಿದಿರಿ ಎಂದು ಕೇಳಿದೆ. ತಿಂಗಳಿಗೊಂದು ನಾಲ್ಕು ಪುಟದ ಪತ್ರಿಕೆಯನ್ನು ಸಂಪಾದಿಸಿ, ತಾನೇ ಪುಟ ಕಟ್ಟಿ, ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದೆ, ಒಟ್ಟು ಹದಿನೇಳು ಸಂಚಿಕೆ ಬಂದಿವೆ ಎಂದು ಉತ್ತರ ಬಂತು. ಮೂರು ದಿನ ಬಿಟ್ಟು ರೆಸ್ಯುಮೆ ಕಳಿಸಿದರು. ಮೇಲೆ ಮೂರು ವರದಿಗಳ ಹೆಸರು, ಅವುಗಳಲ್ಲೊಂದು ಟ್ಯಾಂಕರ್ ನೀರಿನ ದರದ ಬಗ್ಗೆ, ಕೆಳಗೆ, "ಕ್ಯಾಂಪಸ್ ಕ್ವಿಯರ್ ಮಾಸಪತ್ರಿಕೆ, ಸಂಪಾದನೆ ಮತ್ತು ಪುಟವಿನ್ಯಾಸ, 17 ಸಂಚಿಕೆಗಳು." ಎರಡು ಕಡೆ ಮಹಾಪ್ರಾಣ ತಪ್ಪಿತ್ತು. ತಿದ್ದಿ ವಾಪಸು ಕಳಿಸಿದೆ.