750 ವ್ಯಾಟ್ ಇದ್ದರೂ ಗೇಮ್ ಮಧ್ಯೆ ಆಫ್: ಕಾರಣ ಸಿಕ್ಕಿತು

ಗೇಮಿಂಗ್ ಪಿಸಿಯ ಬಿಲ್ಡ್ ಇದು: ಸಿಪಿಯು ಐ7-13700ಕೆ, ಅದರ ಪಿ-ಕೋರ್‌ಗಳೆಲ್ಲ (ವೇಗದ ಕೋರ್‌ಗಳು) 5.5 ಗಿಗಾಹರ್ಟ್ಸ್, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3080, ಪವರ್ ಲಿಮಿಟ್ 320ರಿಂದ 360 ವ್ಯಾಟ್‌ಗೆ ಏರಿಸಿದ್ದು, 750 ವ್ಯಾಟಿನ ಹಳೆಯ ಗೋಲ್ಡ್ ದರ್ಜೆಯ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ). ಕೂಲಿಂಗ್, ಬಯೋಸ್ ಸೆಟ್ಟಿಂಗ್ ಕೆಲಸ ಮುಗಿದಿದೆ, ಅದರ ಮಾತು ಬೇಡ.

ಸಿಪಿಯುಗೆ ಪೂರ್ತಿ ಲೋಡ್ ಕೊಡುವ ಟೆಸ್ಟ್ ಸಿನಿಬೆಂಚ್ ಅನ್ನು ಒಂದು ಗಂಟೆ ಓಡಿಸಿದರೂ ಏನೂ ಆಗುವುದಿಲ್ಲ. ಗೇಮ್ ಹಾಕಿದರೆ ಹತ್ತೇ ನಿಮಿಷ, ಟಕ್ ಅಂತ ಸದ್ದು, ಎಲ್ಲ ಆಫ್. ಮೊದಲು ಅನುಮಾನ ಹೋಗುವುದು ಓವರ್‌ಕ್ಲಾಕ್ (ಕಂಪನಿ ಇಟ್ಟದ್ದಕ್ಕಿಂತ ಏರಿಸಿದ ವೇಗ) ಮೇಲೆ. ಆದರೆ ಅದು ಗಟ್ಟಿ ಇಲ್ಲದಿದ್ದರೆ ನೀಲಿ ಸ್ಕ್ರೀನ್ ಬರುತ್ತದೆ, ಹ್ಯಾಂಗ್ ಆಗುತ್ತದೆ, ಇಲ್ಲವೇ ತಾನೇ ರೀಸ್ಟಾರ್ಟ್ ಆಗುತ್ತದೆ. ಇಲ್ಲಿ ಪವರ್ ಬಟನ್ ಒತ್ತಿದರೂ ಅಲುಗಾಟವಿಲ್ಲ. ಹಿಂದಿನ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿದರೆ ಮಾತ್ರ ಏಳುತ್ತದೆ. ಹೀಗೆ ಲ್ಯಾಚ್ ಆಗಿ, ಅಂದರೆ ಬೀಗ ಬಿದ್ದಂತೆ ಆಫ್ ಆಗಿ ಕೂತರೆ ಎಸ್‌ಎಂಪಿಎಸ್‌ನ ಪ್ರೊಟೆಕ್ಷನ್ ಬಿದ್ದಿದೆ ಅಂತಲೇ ಹಿಡಿಯಬೇಕು. ವಿಂಡೋಸ್‌ನ ಈವೆಂಟ್ ವ್ಯೂಯರ್ ಲಾಗಿನ ಕರ್ನಲ್-ಪವರ್ 41 ಎಂಬ ದಾಖಲೆ ಓವರ್‌ಕ್ಲಾಕ್ ಕೆಟ್ಟರೂ ಎಸ್‌ಎಂಪಿಎಸ್ ಆಫ್ ಆದರೂ ಬರುತ್ತದೆ, ಅದನ್ನು ನಂಬಿ ಕೂರಬೇಡಿ.

ಲೆಕ್ಕ ಹಾಕಿದರೆ ಗೇಮ್‌ನಲ್ಲಿ ಸಿಪಿಯು 130, ಕಾರ್ಡ್ 360, ಉಳಿದದ್ದು 60. ಒಟ್ಟು 550 ವ್ಯಾಟ್. ಕಾರ್ಡಿಗೆ ಕರೆಂಟ್ ಒಯ್ಯುವ 8 ಪಿನ್ ಕನೆಕ್ಟರಿನ ಹಿಂಭಾಗಕ್ಕೆ ಮಲ್ಟಿಮೀಟರಿನ ಮೊನೆ ತೂರಿಸಿದರೆ ಲೋಡ್‌ನಲ್ಲಿ 11.85 ವೋಲ್ಟ್, ಕೆಳಮಿತಿ 11.4. ಎಲ್ಲವೂ ಸರಿ! ಆದರೆ ಇವೆಲ್ಲ ಸರಾಸರಿ ಅಂಕಿಗಳು. ಒಂದು ಮಿಲಿಸೆಕೆಂಡೂ ಇಲ್ಲದ ಹೊತ್ತಿನಲ್ಲಿ 3080 ಸುಮಾರು 500 ವ್ಯಾಟ್‌ವರೆಗೆ ಜಿಗಿದು ಇಳಿಯುತ್ತದೆ. ಮಲ್ಟಿಮೀಟರಿಗೂ ಸಾಫ್ಟ್‌ವೇರಿಗೂ ಅದು ಕಾಣುವುದೇ ಇಲ್ಲ.

ಗುಟ್ಟು ಇದ್ದದ್ದು ಪಕ್ಕದ ಸ್ಟಿಕ್ಕರಿನಲ್ಲಿ. ಇದು ಮಲ್ಟಿ ರೈಲ್ ಎಸ್‌ಎಂಪಿಎಸ್, ಅಂದರೆ 12 ವೋಲ್ಟನ್ನು ಬೇರೆ ಬೇರೆ ಮಿತಿಯ ರೈಲುಗಳಾಗಿ ಹಂಚಿದ್ದು: 12ವಿ3, 30 ಆಂಪಿಯರ್, 12ವಿ4, 30 ಆಂಪಿಯರ್. ಅಂದರೆ ಒಂದೊಂದು ರೈಲಿಗೆ 360 ವ್ಯಾಟ್. ಕಾರ್ಡಿನ ಎರಡೂ ಕೇಬಲ್ 12ವಿ3ರ ಅಕ್ಕಪಕ್ಕದ ಸಾಕೆಟ್‌ಗಳಲ್ಲೇ ಕೂತಿದ್ದವು. ಮದರ್‌ಬೋರ್ಡಿನ ಸ್ಲಾಟಿನಿಂದ ಬರುವ 60 ಚಿಲ್ಲರೆ ವ್ಯಾಟ್ ಕಳೆದರೂ ಜಿಗಿತದಲ್ಲಿ ಆ ಒಂದು ರೈಲಿನ ಮೇಲೆ 36 ಆಂಪಿಯರ್. ಓಸಿಪಿ (ಕರೆಂಟ್ ಮಿತಿ ಮೀರಿದರೆ ಆಫ್ ಮಾಡುವ ಪ್ರೊಟೆಕ್ಷನ್) ಬೀಳದೆ ಇನ್ನೇನು? ಒಂದು ಕೇಬಲ್ ಕಿತ್ತು 12ವಿ4ಕ್ಕೆ ಹಾಕಿದ್ದಷ್ಟೇ, ಗೇಮ್ ನಾಲ್ಕು ಗಂಟೆ ನಿಲ್ಲದೆ ಓಡಿತು.

ಪೂರ್ತಿ ಗೆದ್ದಂತಲ್ಲ. ಸಿಪಿಯು 280 ವ್ಯಾಟ್ ಎಳೆಯುವಾಗಲೇ ಕಾರ್ಡಿಗೂ ಲೋಡ್ ಕೊಟ್ಟರೆ ಸರಾಸರಿಯೇ 700. ಮೇಲೆ ಜಿಗಿತ ಬಿದ್ದರೆ 840, ಆಗ ಒಟ್ಟು ಪವರ್ ಮಿತಿ ಮೀರಿದರೆ ಆಫ್ ಮಾಡುವ ಪ್ರೊಟೆಕ್ಷನ್, ಓಪಿಪಿ, ಬೀಳಬಹುದು. ಇದಕ್ಕೆ ಕೇಬಲ್ ಬದಲಿಸುವ ಉಪಾಯ ನಡೆಯದು. ಆದ್ದರಿಂದ ಹೊಸ ಎಸ್‌ಎಂಪಿಎಸ್ 1000 ವ್ಯಾಟ್, ಎಟಿಎಕ್ಸ್ 3.0 (ಪಿಸಿ ಎಸ್‌ಎಂಪಿಎಸ್‌ಗಳ ಮಾನದಂಡ). ವ್ಯಾಟ್‌ಗಿಂತ ಮುಖ್ಯವಾದದ್ದು ಈ 3.0: 12ವಿಎಚ್‌ಪಿಡಬ್ಲ್ಯುಆರ್ (ಗ್ರಾಫಿಕ್ಸ್ ಕಾರ್ಡಿನ 16 ಪಿನ್ ಕನೆಕ್ಟರ್) ಇರುವ ಯೂನಿಟ್ 100 ಮೈಕ್ರೊಸೆಕೆಂಡ್ ಕಾಲ ತನ್ನ ರೇಟಿಂಗಿನ ಎರಡರಷ್ಟು ತಡೆಯಲೇಬೇಕು ಎಂಬ ನಿಯಮ ಅದರಲ್ಲಿದೆ. ಜೊತೆಗೆ ರೇಟಿಂಗ್ ಎಷ್ಟು ಡಿಗ್ರಿಗೆ ಕೊಟ್ಟಿದ್ದಾರೆ ನೋಡಿ. 40ಕ್ಕೆ ಕೊಟ್ಟದ್ದಾದರೆ ಬೇಸಿಗೆಯ ಬಿಸಿ ಕ್ಯಾಬಿನೆಟ್ಟಿನಲ್ಲಿ ಅಷ್ಟೂ ಸಿಗುವುದಿಲ್ಲ, 50 ಇರಲಿ.

ಮಾರುವವರ ಮೇಲೆ ನಿಜಕ್ಕೂ ಸಿಟ್ಟು ಬರುವುದು ‘ಎಟಿಎಕ್ಸ್ 3.0 ರೆಡಿ’ ಎಂಬ ಮಾತಿಗೆ. ಹಳೆಯ ಡಿಸೈನಿಗೇ ಹೊಸ ಕೇಬಲ್ ಒಂದನ್ನು ಸೇರಿಸಿ ಹೀಗೆ ಬರೆದು ಮಾರುತ್ತಾರೆ. ‘ರೆಡಿ’ ಎಂದಿದ್ದರೆ ಬಿಡಿ, ಸ್ಪೆಕ್ ಶೀಟಿನಲ್ಲಿ ಜಿಗಿತದ ಅಂಕಿಯನ್ನೇ ಹುಡುಕಿ. ಹಳೆಯ ಮಾಡ್ಯುಲರ್ (ಎಸ್‌ಎಂಪಿಎಸ್‌ನಿಂದ ಬಿಚ್ಚಿ ಹಾಕಬಲ್ಲ) ಕೇಬಲ್ ಹೊಸ ಎಸ್‌ಎಂಪಿಎಸ್‌ಗೂ ನಡೆಯುತ್ತದೆ ಎಂದು ಕೌಂಟರಿನಲ್ಲಿ ಯಾರೇ ಹೇಳಲಿ, ಕೇಳಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. 5 ವೋಲ್ಟಿನ ಪಿನ್ನಿಗೆ 12 ವೋಲ್ಟ್ ಹೋದರೆ ಎಸ್‌ಎಸ್‌ಡಿ ಸುಟ್ಟಿತು.

ಮುಂದಿನ ಪ್ರಾಜೆಕ್ಟ್ ಯುಪಿಎಸ್. 1 ಕೆವಿಎ ಲೈನ್-ಇಂಟರಾಕ್ಟಿವ್ (ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವ ಬಗೆ) ಸಾಮಾನ್ಯವಾಗಿ 600 ವ್ಯಾಟಿನದು. ಗೇಮ್‌ನ 550 ವ್ಯಾಟಿಗೆ ಎಸ್‌ಎಂಪಿಎಸ್‌ನ ನಷ್ಟವೂ ಸೇರುವುದರಿಂದ, ಗೇಮ್ ನಡೆಯುವಾಗ ಕರೆಂಟ್ ಹೋದರೆ ಈ ಬಿಲ್ಡ್ ಅದಕ್ಕೆ ಭಾರ. 2 ಕೆವಿಎ ಪ್ಯೂರ್ ಸೈನ್‌ವೇವ್ (ಮನೆಯ ಕರೆಂಟಿನಂಥದೇ ನಯವಾದ ಅಲೆ ಕೊಡುವುದು) ನೋಡಬೇಕು. ಶೇ. 80 ಲೋಡಿನಲ್ಲಿ ಎಟಿಎಕ್ಸ್ 3.0 ಕೇಳುವ ಹೋಲ್ಡ್-ಅಪ್ (ಕರೆಂಟ್ ಹೋದ ಮೇಲೂ ಎಸ್‌ಎಂಪಿಎಸ್ ತಾಳುವ ಹೊತ್ತು) 17 ಮಿಲಿಸೆಕೆಂಡ್. ಯುಪಿಎಸ್ 10 ಮಿಲಿಸೆಕೆಂಡಿನೊಳಗೆ ಬ್ಯಾಟರಿಗೆ ಬದಲಾದರೆ ಸಾಕು. ಅದನ್ನು ಆಸಿಲೊಸ್ಕೋಪಿನಲ್ಲೇ ಅಳೆಯುವುದು.