ಕೆಳಗೆ, ಓರೆ, ಮುಂದೆ

ಇವತ್ತು ಸರಸ್ವತಿಪುರಂನ ಒಂದು ಮನೆಯ ಅಟ್ಟದಿಂದ ಇಳಿದ ಗೇಮ್ ಬಾಯ್ ಅಡ್ವಾನ್ಸ್, ಕೈಯಲ್ಲಿ ಹಿಡಿದು ಆಡೋ ಆಟದ ಯಂತ್ರ. ಎರಡು ಪೆನ್ಸಿಲ್ ಸೆಲ್ ಹಾಕಿದ ಕೂಡಲೇ ಜೀವ ಬಂತು, ಸ್ಟ್ರೀಟ್ ಫೈಟರ್ ಅನ್ನೋ ಹೊಡೆದಾಟದ ಆಟ ಶುರುವಾಯ್ತು. ಅದರ ಹೋರಾಟಗಾರ ರ್ಯೂ ಕೈಯಿಂದ ಹಡೋಕೆನ್ ಅನ್ನೋ ಶಕ್ತಿಯ ಚೆಂಡು ಮಾತ್ರ ಬರಲೇ ಇಲ್ಲ. ಅದಕ್ಕೆ ದಿಕ್ಕಿನ ಗುಂಡಿಯನ್ನ ಕೆಳಗೆ, ಓರೆ, ಮುಂದೆ ಒತ್ತಿ ಗುದ್ದಬೇಕು.

ಕೆಳಗೆ ಸರಿ, ಮುಂದೆ ಸರಿ. ನಡುವಿನ ಓರೆ ಸಿಗ್ತಿಲ್ಲ.
ಓರೆ ಅಂದ್ರೆ ಒಂದೇ ಕ್ಷಣಕ್ಕೆ ಎರಡು ಸಂಪರ್ಕ ಕೂಡಬೇಕು. ಒಂದರಡಿ ಕೊಳೆ ಕೂತ್ರೂ ಸಾಕು, ಹೋಯ್ತು.

ಬಿಚ್ಚೋಕೆ, ಮೂರು ರೆಕ್ಕೆಯ ಸ್ಕ್ರೂಗೆ ಅದರದ್ದೇ ಡ್ರೈವರ್ ಬೇಕು. ಚಪ್ಪಟೆದು ತುರುಕಿದ್ರೆ ತಲೆ ಸವೆಯುತ್ತೆ. ಬೋರ್ಡನ್ನ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಲ್ಲಿ ಒರೆಸಿ. ಗುಂಡಿಯ ರಬ್ಬರ್ ಅಡಿಯ ಕಪ್ಪು ಚುಕ್ಕೆಯನ್ನ ಮೆಲ್ಲಗೆ, ತುಂಬಾ ಮೆಲ್ಲಗೆ. ಉಜ್ಜಿದ್ರೆ ವಿದ್ಯುತ್ ಹರಿಸೋ ಪದರವೇ ಹೋಗುತ್ತೆ. ಪೂರ್ತಿ ಒಣಗಿದ ಮೇಲೇ ಮುಚ್ಚಿ.

ಇಂಥ ಪುಟ್ಟ ಯಂತ್ರಕ್ಕೆ ಈ ಆಟವನ್ನ ಇಳಿಸಿದ್ದು ಎಂಥಾ ಶ್ರದ್ಧೆಯ ಕೆಲಸ! ಆರ್ಕೇಡ್‌ನಲ್ಲಿ, ಅಂದ್ರೆ ಕಾಸು ಹಾಕಿ ಆಡೋ ದೊಡ್ಡ ಯಂತ್ರದಲ್ಲಿ, ಆರು ಗುಂಡಿ. 1995ರ ಹಳೇ ಗೇಮ್ ಬಾಯ್ ಆವೃತ್ತಿಯಲ್ಲಿ ಎರಡೇ, ಒಂದು ಗುದ್ದಿಗೆ, ಒಂದು ಒದೆಗೆ. ಮುಟ್ಟಿ ಬಿಟ್ಟರೆ ಹಗುರ, ಒತ್ತಿ ಹಿಡಿದರೆ ಜೋರು. 160×144 ಚುಕ್ಕೆಯ ಪರದೆ, ನಾಲ್ಕೇ ಛಾಯೆ. ಅದರಲ್ಲೂ ಹೋರಾಟಗಾರ ಬ್ಲಾಂಕಾ ಬ್ಲಾಂಕಾನೇ! ಇನ್ನೊಬ್ಬ ಹೋರಾಟಗಾರ ಧಾಲ್ಸಿಮ್‌ಗೆ ಜಾಗ ಸಿಗಲಿಲ್ಲ, ಅದೊಂದು ನೋವು ಇವತ್ತಿಗೂ ಇದೆ.

ಸಂಜೆ ಹೊತ್ತಿಗೆ ಹಡೋಕೆನ್ ಹೋಗ್ತಿದೆ. ಎಡಕ್ಕೂ, ಬಲಕ್ಕೂ.